ಎಲ್ಲಿಗೂ ಅಲ್ಲದ ನಡಿಗೆ

ನೆನೆಸಿದ ಮೆಂತ್ಯದ ಕಹಿ ವಾಸನೆ ಮೂಗಿಗೆ ಬಡಿದಾಗ ಈಗಲೂ ನಮ್ಮೂರು ಮಡಂತ್ಯಾರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ತಾಯಿಗೆ, ನಮ್ಮ ಮಾತಿನಲ್ಲಿ ಉಮ್ಮನಿಗೆ, ಸಕ್ಕರೆ ಕಾಯಿಲೆ ಎಂದು ಗೊತ್ತಾಗಿತ್ತು. ಬೆಳಿಗ್ಗೆ ಮೆಂತ್ಯದ ನೀರು ಕುಡಿಯುವುದು ಅವರಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಡಾಕ್ಟರು ಹೇಳಿದ ನಡಿಗೆ. ಕೆಲಸವಿಲ್ಲದೆ ಹೆಂಗಸರು ರಸ್ತೆಯಲ್ಲಿ ನಡೆಯುವುದನ್ನು ನಮ್ಮ ಕೇರಿ ಕಂಡಿರಲಿಲ್ಲ. ಅದಕ್ಕೇ ಉಮ್ಮ ಅಂಗಡಿಗೆ ಹೊರಟವರಂತೆ ಖಾಲಿ ಚೀಲ ಹಿಡಿದು, ನನ್ನನ್ನೂ ಕರೆದುಕೊಂಡು ನಡೆಯುತ್ತಿದ್ದರು.

ಆ ದಿನ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ನೆರೆಮನೆಯ ಲಿಲ್ಲಿಬಾಯಿ ಕೂಗಿ ಕೇಳಿದರು: “ಐಸಮ್ಮ, ದಿನಾ ಎಲ್ಲಿಗೆ ಹೋಗುದು ಮಾರಾಯ್ತಿ? ಬರುವಾಗಲೂ ಚೀಲ ಖಾಲಿಯೇ ಇರ್ತದಲ್ಲ!”

ಉಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದರು. ತಗ್ಗಿಸಿದ ತಲೆಯನ್ನು ಮರುಕ್ಷಣವೇ ಎತ್ತಿದರು.

“ಎಲ್ಲಿಗೂ ಇಲ್ಲ. ನನಗೆ ಶುಗರ್ ಉಂಟು. ನಡೀಲಿಕ್ಕೇ ಹೊರಟದ್ದು. ನಾಳೆಯೂ ಹೋಗ್ತೇನೆ.”

ಲಿಲ್ಲಿಬಾಯಿ ನಗಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಗೇಟಿನ ತನಕ ಬಂದು, ದನಿ ತಗ್ಗಿಸಿದರು: “ನನಗೂ ಉಂಟು. ಮನೆಯಲ್ಲಿ ಯಾರಿಗೂ ಹೇಳ್ಲಿಲ್ಲ.”

“ಚಪ್ಪಲಿ ಹಾಕಿ ಬನ್ನಿ ಬಾಯಿ. ನಾನು ನಿಲ್ತೇನೆ.”

ಬಿಸಿಲು ಇನ್ನೂ ಇಳಿದಿರಲಿಲ್ಲ. ನಾವು ಕಾದು ನಿಂತೆವು. ಒಳಗೆ ಲಿಲ್ಲಿಬಾಯಿ ಗಂಡನಿಗೆ ಹೇಳುವುದು ರಸ್ತೆಯವರೆಗೂ ಕೇಳಿಸಿತು: “ನನಗೆ ಶುಗರ್ ಉಂಟು. ನಡೆದು ಬರ್ತೇನೆ.”