ಒಂದು ಚಮಚ ಸೋಡಾ

ಪುಟ್ಟ ಡಬ್ಬಿಯಲ್ಲಿ ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು, ಮುಚ್ಚಳ ಜಡಿದು, ಗ್ಯಾಸಿನ ರಭಸಕ್ಕೆ ಅದನ್ನು ರಾಕೆಟ್ಟಿನಂತೆ ಹಾರಿಸುವುದೆಂದರೆ ಪಾವನಿಗೆ ಪ್ರಾಣ. ಗಂಡಿನ ಕಡೆಯವರು ಬರುವ ದಿನ ತಾಯಿ ವನಜಾಕ್ಷಿ ಆ ಸಾಮಾನನ್ನೆಲ್ಲ ತಾರಸಿಯ ಟ್ಯಾಂಕಿನ ಹಿಂದೆ ಬಚ್ಚಿಟ್ಟು, "ಇವತ್ತೊಂದಿನ ಅದರ ಸುದ್ದಿ ಎತ್ತಬೇಡ ಕಣೇ" ಎಂದು ಕೈಮುಗಿದಿದ್ದರು.

ಉಪ್ಪಿಟ್ಟು, ಕೇಸರಿಬಾತು ಮುಗಿದ ಮೇಲೆ, ಮಾತಾಡಿಕೊಳ್ಳಲಿ ಎಂದು ಹಿರಿಯರು ಹುಡುಗ ಹುಡುಗಿಯನ್ನು ತಾರಸಿಗೆ ಕಳಿಸಿದರು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಟಪ್ ಎಂಬ ಸದ್ದು. ಡಬ್ಬಿಯೊಂದು ಹಾರಿಬಂದು, ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ ಹುಡುಗನ ತಂದೆಯ ಕಾಲ ಬಳಿ ಬಿತ್ತು.

"ತಪ್ಪು ತಿಳ್ಕೋಬೇಡಿ, ಇವಳಿಗಿನ್ನೂ ಹುಡುಗಾಟ ಬಿಟ್ಟಿಲ್ಲ," ಎಂದು ಬೆವರೊರೆಸಿಕೊಂಡ ವನಜಾಕ್ಷಿ ತಾರಸಿಯತ್ತ ತಲೆಯೆತ್ತಿ ಗದರಿದರು, "ಪಾವನೀ!"

"ಏನಮ್ಮಾ?" ಉತ್ತರ ಬಂದದ್ದು ಅಡುಗೆಮನೆಯಿಂದ. "ಸೋಡಾ ಎಲ್ಲಿಟ್ಟಿದೀಯಾ? ಅವರು ಇನ್ನೊಂದು ಚಮಚ ತಗೊಂಡು ಬಾ ಅಂದ್ರು."