ಕಳ್ಳರ ಪಾತ್ರಕ್ಕೆ ಜನ ಬೇಕಾಗಿದ್ದಾರೆ

“ಈ ಮಾತೊಂದು ತೆಗೆದುಬಿಡಿ ಮೇಷ್ಟ್ರೇ,” ಎಂದ ಹಾಲಿನವನು, ಕೈಯಲ್ಲಿದ್ದ ಹಾಳೆಯ ಮೇಲೆ ಬೆರಳಿಟ್ಟು. “ಅರ್ಧಕ್ಕರ್ಧ ಬೆರೆಸು, ಯಾರಿಗೆ ಗೊತ್ತಾಗುತ್ತೆ ಅಂತ ನಾನು ಸ್ಟೇಜ್ ಮೇಲೆ ನಿಂತು ಹೇಳಿದ್ರೆ, ಮಾರನೇ ಬೆಳಗ್ಗೆ ಯಾರ ಬಾಗಿಲು ತಟ್ಟಲಿ?”

ಶಾಲೆಯ ಹಾಲ್‌ನಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿ ತಾಲೀಮು ನಡೆದಿತ್ತು. ನಿವೃತ್ತ ಮೇಷ್ಟ್ರಿಗೆ ಆ ಹಳೆಯ ಕಾದಂಬರಿಯೆಂದರೆ ಪ್ರಾಣ. ಒಂದು ತುಂಬಿದ ಮನೆ. ಅದರ ಉಪ್ಪು ತಿಂದವರೇ ಒಬ್ಬೊಬ್ಬರಾಗಿ ಸುಳ್ಳು ಹೇಳುತ್ತ, ಕದಿಯುತ್ತ ಅದನ್ನು ಮುಳುಗಿಸುವ ಕಥೆ. ಸಾಯುವುದರೊಳಗೆ ಒಮ್ಮೆ ಅದನ್ನು ರಂಗದ ಮೇಲೆ ನೋಡಬೇಕೆಂಬುದು ಅವರ ಆಸೆ. ಹಾಲಿನವನದು ದವಸಕ್ಕೆ ಕಲ್ಲು ಬೆರೆಸುವ ಉಗ್ರಾಣಿಯ ಪಾತ್ರ. ಲಾಯರದು, ಕಣ್ಣು ಕಾಣದ ಅತ್ತಿಗೆಯ ಹೆಬ್ಬೆಟ್ಟು ಒತ್ತಿಸಿಕೊಂಡು ಆಸ್ತಿ ಹೊಡೆಯುವ ಮೈದುನನ ಪಾತ್ರ.

ಹಾಲಿನವನ ಆ ಮಾತು ಹಾಳೆಯಿಂದ ಹೋಯಿತು. ಕೂಡಲೇ ಲಾಯರು ಗಂಟಲು ಸರಿಮಾಡಿಕೊಂಡರು.

“ಹಾಗಿದ್ರೆ ನಂದೂ ಒಂದು ಸಣ್ಣ ತಿದ್ದುಪಡಿ. ಹೆಬ್ಬೆಟ್ಟು ನಾನು ಒತ್ತಿಸಿಕೊಳ್ಳೋದು ಬೇಡ. ಅತ್ತಿಗೆ ತಾವಾಗೇ ಒತ್ತಲಿ. ಸಂತೋಷದಿಂದ.”

“ಸಂತೋಷದಿಂದ?”

“ನನ್ನ ಕಕ್ಷಿದಾರರೆಲ್ಲ ಮುಂದಿನ ಸಾಲಲ್ಲೇ ಕೂತಿರ್ತಾರೆ, ನೋಡಿ.”

ಮೇಷ್ಟ್ರು ಕನ್ನಡಕ ತೆಗೆದರು. “ಸರಿ. ಇವನು ಬೆರೆಸ್ಲಿಲ್ಲ, ನೀವು ಒತ್ತಿಸ್ಲಿಲ್ಲ. ಹಾಗಾದ್ರೆ ಆ ಮನೆ ಮುಳುಗಿದ್ದು ಹೇಗೆ?”

“ಗ್ರಹಚಾರ ಅಂತ ಇಟ್ಕೊಳ್ಳಿ,” ಎಂದರು ಲಾಯರು.

“ನೆರೆ ಬಂತು ಅನ್ನಿ ಮೇಷ್ಟ್ರೇ,” ಹಾಲಿನವನು ಉತ್ಸಾಹದಿಂದ ಸೇರಿಸಿದ. “ನೆರೆ ಬಂದ್ರೆ ಎಂಥಾ ಮನೆಯಾದ್ರೂ ಮುಳುಗೇ ಮುಳುಗುತ್ತೆ.”

ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಳ್ಳರನ್ನು ಕಳೆದರೆ ಆ ಕಾದಂಬರಿಯಲ್ಲಿ ಉಳಿಯುವುದು ಬರೀ ಬಾಗಿಲು, ಕಿಟಕಿ. ಈ ನಾಟಕವೇ ಬೇಡವೆಂದು ಹೇಳಿಬಿಡೋಣವೆಂದುಕೊಂಡು ಹಾಳೆಗಳನ್ನು ಮಡಚತೊಡಗಿದರು. ಅವರಿಗೆ ನಿಜವಾಗಿಯೂ ಸಂಕಟವಾಗಿತ್ತು.

ಮೂಲೆಯಲ್ಲಿ ಕೂತು ವೇಷದ ಕೋಟಿಗೆ ಗುಂಡಿ ಹೊಲಿಯುತ್ತಿದ್ದ ನರ್ಸಕ್ಕ ದಾರವನ್ನು ಹಲ್ಲಲ್ಲಿ ಕಡಿದರು. ಆ ಬೀದಿಯ ಅರ್ಧ ಜನರನ್ನು ಹುಟ್ಟಿದ ಕೂಡಲೇ ಎತ್ತಿಕೊಂಡವರು ಅವರೇ, ಹಾಲಿನವನೂ ಅದರಲ್ಲೊಬ್ಬ.

“ಎರಡೂ ನನಗೇ ಕೊಡಿ ಮೇಷ್ಟ್ರೇ. ಬೆರೆಸೋದೂ ನಾನೇ, ಒತ್ತಿಸಿಕೊಳ್ಳೋದೂ ನಾನೇ. ಒಂದಕ್ಕೆ ಮೀಸೆ ಅಂಟಿಸ್ಕೊಳ್ತೀನಿ, ಇನ್ನೊಂದಕ್ಕೆ ಕಿತ್ತು ಹಾಕ್ತೀನಿ. ಅದಕ್ಕೇನು?”

ಎದ್ದವರೇ ಕೋಟು ತೊಟ್ಟು, ಸೊಂಟದ ಮೇಲೆ ಕೈಯಿಟ್ಟು, “ಅರ್ಧಕ್ಕರ್ಧ ಬೆರೆಸು!” ಎಂದು ಗದರಿದ ರಭಸಕ್ಕೆ ಮೇಷ್ಟ್ರ ಮುಖ ಅರಳಿತು. ಮಡಚಿದ ಹಾಳೆಗಳು ಮತ್ತೆ ಬಿಚ್ಚಿಕೊಂಡವು. ಅಂತೂ ಕಾದಂಬರಿ ಬದುಕಿತು!

“ಅಲ್ಲ ನರ್ಸಕ್ಕ,” ಹಾಲಿನವನಿಗೆ ಅವರ ಬಗ್ಗೆಯೇ ಕಳವಳ, “ಇಂಥಾ ಪಾತ್ರ ಮಾಡಿದ್ರೆ ನೋಡಿದ ಜನ ಏನಂದ್ಕೊಳ್ತಾರೆ?”

“ನಾಟಕ ಅಂದ್ಕೊಳ್ತಾರೆ ಕಣಪ್ಪ.”

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಲಾಯರೂ ನಕ್ಕರು. ಅಲ್ಲಿ ಯಾರೂ ಕುಂಬಳಕಾಯಿಯ ಸುದ್ದಿ ಎತ್ತಿರಲಿಲ್ಲ. ಆದರೂ ನಗುತ್ತ ನಗುತ್ತಲೇ ಲಾಯರ ಕೈ ಒಮ್ಮೆ ತಮ್ಮ ಹೆಗಲನ್ನು ಮುಟ್ಟಿ ನೋಡಿತು.