ಚುಕ್ಕಿ ನಮ್ಮದಲ್ಲ

“ಎಲ್ಲಾ ಚೆನ್ನಾಗಿದೆ ಡೆಲ್ಮಾ, ಆದ್ರೆ ಚುಕ್ಕಿಗಳೇ ಇಲ್ವಲ್ಲ!” ಗ್ರಂಥಾಲಯದ ಗೋಡೆಯ ಹೊಸ ಚಿತ್ರದ ಮುಂದೆ ನಿಂತು ಪುರಸಭೆಯ ಅಧಿಕಾರಿ ಹಾಲಿಸ್ ಹೇಳಿದ. “ಮೂಲನಿವಾಸಿಗಳ ಚಿತ್ರ ಅಂದ್ರೆ ಪ್ರವಾಸಿಗಳು ಚುಕ್ಕಿ ಹುಡುಕ್ತಾರೆ. ಒಂದಿಷ್ಟು ಹಾಕ್ಬಿಡಿ. ಇಲ್ಲಾಂದ್ರೆ ಸಮಿತಿಯವರು ಇದರ ಮೇಲೆ ಬಿಳಿ ಬಣ್ಣ ಬಳಿಸ್ಬಿಡ್ತಾರೆ.”

ಚಿತ್ರಗಾರ್ತಿ ಡೆಲ್ಮಾಗೆ ಹಳೆಯ ಗೋಡೆಯೊಂದು ನೆನಪಾಯಿತು. ಮೂವತ್ತು ವರ್ಷದ ಹಿಂದೆ ಹೆದ್ದಾರಿಯ ಮೋಟೆಲೊಂದರ ಯಜಮಾನನೂ ಹೀಗೇ ಕೇಳಿದ್ದ. ಆಗ ಚಿಕ್ಕ ವಯಸ್ಸು, ಕೈಗೆ ಸಿಕ್ಕ ಮೊದಲ ಗೋಡೆ. ಮರುಮಾತಾಡದೆ ಚುಕ್ಕಿ ಇಟ್ಟಿದ್ದಳು. ಇವತ್ತಿಗೂ ಆ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸುತ್ತಾಳೆ. ಆದರೆ ಈ ಗೋಡೆ ಅವಳೊಬ್ಬಳದಲ್ಲ. ಊರಿನ ಒಂಬತ್ತು ಮಕ್ಕಳು ಮೂರು ವಾರ ಬಿಸಿಲಲ್ಲಿ ನಿಂತು ಬರೆದದ್ದು. ಹೇಗೆ ಹೇಳಲಿ ಎಂದು ಅವಳು ಮಾತು ಹುಡುಕುತ್ತಿದ್ದಾಗಲೇ ಅಟ್ಟಣಿಗೆಯ ಮೇಲಿಂದ ದನಿ ಬಂತು.

“ಚುಕ್ಕಿ ನಮ್ಮದಲ್ಲ ಸರ್.”

ಟಾನಿಕಾ. ಹದಿನೈದರ ಹುಡುಗಿ. ಮೂರು ವಾರದಲ್ಲಿ ‘ಹೂಂ’, ‘ಉಹೂಂ’ ಬಿಟ್ಟು ಬೇರೆ ಮಾತಾಡಿದವಳೇ ಅಲ್ಲ.

“ಏನಂದೆ?”

“ಚುಕ್ಕಿ ಮರಳುಗಾಡಿನವರದು. ಅವರ ಕಥೆ ಅವರೇ ಹೇಳ್ಬೇಕು. ನಾವು ಮರ್ರೆ ನದಿಯವರು, ನಮ್ಮದು ಗೆರೆ. ನಮ್ಮ ಮುತ್ತಜ್ಜ ಗೆರೆ ಕೆತ್ತಿದ ಗುರಾಣಿ ಮೆಲ್ಬರ್ನ್‌ನ ಮ್ಯೂಸಿಯಂನಲ್ಲಿ ಗಾಜಿನೊಳಗಿದೆ. ಡೆಲ್ಮಾ ಆಂಟಿ ಕರ್ಕೊಂಡ್ಹೋಗಿ ತೋರಿಸಿದ್ರು. ಮುಟ್ಟೋಕೆ ಬಿಡ್ಲಿಲ್ಲ. ನಿಂತ್ಕೊಂಡು ಒಂದೊಂದೇ ಗೆರೆ ನೋಡಿ ನೋಡಿ ಬರ್ಕೊಂಡು ಬಂದೆ. ಅವೇ ಇವು.”

ಹಾಲಿಸ್ ಕೆಳಗಿದ್ದವಳ ಕಡೆ ತಿರುಗಿದ. “ಡೆಲ್ಮಾ, ನೀವಾದ್ರೂ ಸ್ವಲ್ಪ ಹೇಳಿ.”

“ಅವಳು ಹೇಳಿದ್ಮೇಲೆ ನಾನೇನು ಹೇಳ್ಲಿ?” ಡೆಲ್ಮಾ ಅಟ್ಟಣಿಗೆಯ ಕಡೆ ಕೈ ತೋರಿದಳು. “ಸಮಿತಿಯವರಿಗೂ ಇದನ್ನೇ ಹೇಳಿ. ಬೇಕಾದ್ರೆ ಇವಳನ್ನೇ ಕಳಿಸ್ತೀನಿ.”

“ಅಲ್ಲಮ್ಮಾ, ಇದು ನಿಮ್ಮವರ ಚಿತ್ರ ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗ್ದಿದ್ರೆ ಕೇಳ್ಲಿ,” ಎಂದಳು ಟಾನಿಕಾ. “ನಾವು ಇಲ್ಲೇ ಇದೀವಲ್ಲ.”

ಹಾಲಿಸ್ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, “ಸರಿ, ನಾನೇ ಕೇಳ್ತೀನಿ. ಇದರಲ್ಲಿ ನದಿ ಎಲ್ಲಿದೆ?” ಎಂದ.

“ಅಷ್ಟು ಹತ್ತಿರ ನಿಂತ್ರೆ ಕಾಣಲ್ಲ ಸರ್. ಹಿಂದೆ ಸರೀರಿ.”

ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಇನ್ನೂ.”

ಮತ್ತೆ ಸರಿದ. ಹುಡುಗಿ ಅಟ್ಟಣಿಗೆಯ ಮೇಲಿಂದ ಕೈ ಬೀಸುತ್ತಲೇ ಇದ್ದಳು. ಅಧಿಕಾರಿ ಹಿಮ್ಮುಖವಾಗಿ ರಸ್ತೆ ದಾಟಿ ಆಚೆ ಬದಿಯ ಬೇಕರಿಯ ಗೋಡೆಗೆ ಬೆನ್ನು ತಾಗಿಸಿ ನಿಂತ. ತಲೆಯೆತ್ತಿದ. ಗೆರೆಗಳೆಲ್ಲ ಕೂಡಿ ಗೋಡೆಯುದ್ದಕ್ಕೂ ನದಿಯಾಗಿ ಹರಿಯುತ್ತಿದ್ದವು. ನೋಡುತ್ತ ನೋಡುತ್ತ ಅವನ ಕೈ ತಾನಾಗಿಯೇ ಮೇಲೆ ಹೋಗಿ ಟೋಪಿ ತೆಗೆಯಿತು.